ಆಯುಷ್ಮಾನ್ ಕಾರ್ಡ್ ಇದ್ದರೂ ತಿಂಗಳ ಮಾತ್ರೆಗೆ ಕೈಯಿಂದಲೇ ದುಡ್ಡು ಏಕೆ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ತಂದೆಯವರಿಗೆ ಅರವತ್ತು ದಾಟಿದೆ. ಶುಗರ್, ಬಿಪಿ ಎರಡೂ ಇವೆ. ಹತ್ತಿರದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ಕಟ್ಟಡವೂ ಚೆನ್ನಾಗಿದೆ. ಆದರೆ ಮಧ್ಯಾಹ್ನದ ಮೇಲೆ ವೈದ್ಯರು ಸಿಗುವುದು ಕಷ್ಟ, ಮಾತ್ರೆ ಒಂದು ತಿಂಗಳು ಇದ್ದರೆ ಇನ್ನೊಂದು ತಿಂಗಳು ಇರುವುದಿಲ್ಲ. ಹಾಗಾಗಿ ಪ್ರತಿ ತಿಂಗಳೂ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಖಾಸಗಿ ವೈದ್ಯರಿಗೆ ತೋರಿಸುತ್ತೇವೆ. ಆಯುಷ್ಮಾನ್ ಕಾರ್ಡ್ ಕೊಟ್ಟರೆ ಅದು ಅಡ್ಮಿಟ್ ಆದವರಿಗೆ ಮಾತ್ರ ಎನ್ನುತ್ತಾರೆ. ದೇಶದ ಆರೋಗ್ಯ ವ್ಯವಸ್ಥೆ ಸುಧಾರಿಸಿದೆ ಎಂಬ ಮಾತು ನಿಜವೇ? ಈ ಆರೋಗ್ಯ ಕೇಂದ್ರಗಳನ್ನು ಮುಚ್ಚಿ, ಆ ಹಣವನ್ನೂ ಕಾರ್ಡಿಗೇ ಹಾಕಿದರೆ ನಮ್ಮಂಥವರಿಗೆ ಅನುಕೂಲವಾಗುವುದಿಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಈಚಿನ ವರ್ಷಗಳಲ್ಲಿ ಚೆನ್ನಾಗಿ ಓದಿಕೊಂಡವರೂ ಇದೇ ಮಾತನ್ನು ಆಡುವುದನ್ನು ಕೇಳುತ್ತಿದ್ದೇನೆ. ಆರೋಗ್ಯ ಕೇಂದ್ರವನ್ನು ಮುಚ್ಚಿ ಆ ಹಣವನ್ನು ಕಾರ್ಡಿಗೆ ಸೇರಿಸಿದರೆ ಎಲ್ಲರಿಗಿಂತ ಮೊದಲು ನಷ್ಟ ಅನುಭವಿಸುವವರು ನಿಮ್ಮ ತಂದೆಯವರಂಥ ರೋಗಿಗಳು. ಅವರಿಗೆ ಬೇಕಾಗಿರುವುದು ತಿಂಗಳು ತಪ್ಪದೆ ಸಿಗುವ ಮಾತ್ರೆ, ಕಾಲಕಾಲಕ್ಕೆ ರಕ್ತ ಮತ್ತು ಮೂತ್ರದ ಪರೀಕ್ಷೆ, ಬಿಪಿ ನೋಡಿ ಬರೆದಿಟ್ಟುಕೊಂಡು ಹಿಂದಿನ ತಿಂಗಳಿಗಿಂತ ಹೆಚ್ಚಾಗಿದ್ದರೆ ಗಮನಿಸಿ ಹೇಳುವ ಒಬ್ಬ ಸಿಬ್ಬಂದಿ. ಇವುಗಳಲ್ಲಿ ಯಾವುದನ್ನೂ ಕಾರ್ಡ್ ಕೊಡುವುದಿಲ್ಲ. ಕೊಡಬೇಕೆಂಬ ಉದ್ದೇಶದಿಂದ ಅದನ್ನು ರೂಪಿಸಿಯೂ ಇಲ್ಲ.

ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ 2018ರ ಸೆಪ್ಟೆಂಬರ್ 23ರಂದು ಆರಂಭವಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ನಮ್ಮ ರಾಜ್ಯ ತನ್ನದೇ ಆದ ಆರೋಗ್ಯ ಕರ್ನಾಟಕ ಯೋಜನೆಯನ್ನು ತಂದಿತ್ತು. ಬಳಿಕ ಎರಡನ್ನೂ ಸೇರಿಸಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂದು ನಡೆಸುತ್ತಿದ್ದಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸುತ್ತದೆ. ಉಳಿದ ಕುಟುಂಬಗಳಿಗೆ ನಿಗದಿತ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಸುಟ್ಟ ಗಾಯ, ಅಪಘಾತದಂಥ ಸಂದರ್ಭಗಳಲ್ಲಿ ಈ ಯೋಜನೆ ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿದೆ, ಅದನ್ನು ಕಡಿಮೆ ಮಾಡಿ ಹೇಳುವುದು ನ್ಯಾಯವಲ್ಲ. ಆದರೆ ಅದರ ಲೆಕ್ಕಾಚಾರವೆಲ್ಲ ಅಡ್ಮಿಷನ್ ಮೇಲೆ ನಿಂತಿದೆ. ಇಂಥ ಕಾಯಿಲೆಗೆ ಇಂಥ ಪ್ಯಾಕೇಜ್, ಅದಕ್ಕೆ ಇಷ್ಟು ದರ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಅಡ್ಮಿಟ್ ಆಗುವುದು ಒಬ್ಬರ ಬದುಕಿನಲ್ಲಿ ಅಪರೂಪದ ಸಂಗತಿ, ಅದಕ್ಕೆ ದಾಖಲೆ ಇರುತ್ತದೆ, ತನಿಖೆ ಮಾಡಲು ಸಾಧ್ಯ. ಹೊರರೋಗಿಯಾಗಿ ತೋರಿಸಿಕೊಂಡು ಚೀಟಿ ಬರೆಸಿಕೊಂಡು ಬರುವುದು ದೇಶದಲ್ಲಿ ದಿನಕ್ಕೆ ಲಕ್ಷಗಟ್ಟಲೆ ಸಲ ನಡೆಯುವ, ಒಂದೊಂದೂ ಸಣ್ಣ ಮೊತ್ತದ ವ್ಯವಹಾರ. ಅದನ್ನು ವಿಮೆಯ ಮಾದರಿಯಲ್ಲಿ ನಿಭಾಯಿಸಲು ಹೊರಟರೆ ಸುಳ್ಳು ಬಿಲ್ಲುಗಳನ್ನು ಪತ್ತೆಹಚ್ಚುವುದಕ್ಕೇ ಒಂದು ಇಲಾಖೆ ಬೇಕಾದೀತು. ಆದ್ದರಿಂದಲೇ ಅದನ್ನು ಯೋಜನೆಯಿಂದ ಹೊರಗಿಟ್ಟಿದ್ದಾರೆ.

ಹೊರಗಿಟ್ಟಿರುವ ಈ ಭಾಗವೇ ಸಾಮಾನ್ಯ ಕುಟುಂಬದ ದೊಡ್ಡ ಖರ್ಚು ಎಂಬುದು ತೊಂದರೆಯ ಮೂಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ತಮ್ಮ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ 64.2 ಇತ್ತು, 2021–22ರ ಹೊತ್ತಿಗೆ ಶೇ 39.4ಕ್ಕೆ ಇಳಿದಿದೆ ಎಂದು ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇಳಿದಿರುವುದು ಸಂತೋಷದ ವಿಷಯ. ಆದರೂ ನೂರು ರೂಪಾಯಿಗೆ ಹತ್ತಿರಹತ್ತಿರ ನಲವತ್ತು ರೂಪಾಯಿ ರೋಗಿಯ ಮನೆಯಿಂದಲೇ ಹೋಗುತ್ತಿದೆ, ಮತ್ತು ಅದರಲ್ಲಿ ದೊಡ್ಡ ಪಾಲು ಹೋಗುವುದು ಔಷಧಿ ಅಂಗಡಿಗೆ. ಅಡ್ಮಿಷನ್ನಿನ ಖರ್ಚು ಒಮ್ಮೆಲೇ ಬಂದು ಮನೆಯನ್ನು ಅಲ್ಲಾಡಿಸುವುದರಿಂದ ಎಲ್ಲರ ಕಣ್ಣಿಗೆ ಬೀಳುತ್ತದೆ. ತಿಂಗಳ ಮಾತ್ರೆ, ಬಸ್ ಚಾರ್ಜು, ವೈದ್ಯರ ಫೀಸು, ಲ್ಯಾಬಿನ ಬಿಲ್ಲು, ಜೊತೆಗೆ ಬಂದವರ ಒಂದು ದಿನದ ಕೂಲಿ ಇವೆಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತದೆ ಎಂದು ಯಾರೂ ಬರೆದಿಡುವುದಿಲ್ಲ.

ಇದರಿಂದ ಇನ್ನೂ ಗಂಭೀರವಾದ ಒಂದು ಪರಿಣಾಮವಿದೆ. ಬಿಪಿ ಇರುವವರಿಗೆ ತಲೆನೋವೂ ಇಲ್ಲದೆ ವರ್ಷಗಟ್ಟಲೆ ಕಳೆಯಬಹುದು. ಕೈಯಲ್ಲಿ ದುಡ್ಡಿಲ್ಲದ ತಿಂಗಳಲ್ಲಿ ಮೊದಲು ಬಿಡುವುದು ಆ ಮಾತ್ರೆಯನ್ನೇ. ಹಾಗೆ ಬಿಟ್ಟವರಲ್ಲಿ ಕೆಲವರು ಪಾರ್ಶ್ವವಾಯು ಹೊಡೆದು, ಕೆಲವರು ಹೃದಯಾಘಾತವಾಗಿ, ಶುಗರ್ ಹತೋಟಿ ತಪ್ಪಿದವರು ಕಿಡ್ನಿ ಸೋತು ಆಸ್ಪತ್ರೆಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಕಾರ್ಡ್ ಕೆಲಸ ಮಾಡುತ್ತದೆ. 2016ರಿಂದ ನಡೆಯುತ್ತಿರುವ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವರಿಗೆ ಉಚಿತವಾಗಿ ಡಯಾಲಿಸಿಸ್ ಕೂಡ ಸಿಗುತ್ತದೆ. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಅಥವಾ ಬಿಪಿಗೆ ಕೊಡುವ ಅಮ್ಲೋಡಿಪಿನ್‌ನಂಥ ತೀರಾ ಅಗ್ಗದ ಮಾತ್ರೆಯನ್ನು ಹಳ್ಳಿಯಲ್ಲಿ ತಪ್ಪದೆ ಕೊಡಲಾಗದ ವ್ಯವಸ್ಥೆ, ಅದೇ ರೋಗಿ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಯಂತ್ರಕ್ಕೆ ಬಂದು ಮಲಗುವ ಸ್ಥಿತಿ ತಲುಪಿದಾಗ ಖರ್ಚು ಮಾಡಲು ಸಿದ್ಧವಾಗಿದೆ ಎಂಬುದು ನನ್ನನ್ನು ಬಹಳ ನೋಯಿಸುವ ವಿಚಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ, ಮಧುಮೇಹದ ಅಂಚಿಗೆ ಬಂದು ನಿಂತವರು ಸುಮಾರು 13.6 ಕೋಟಿ. ಇಷ್ಟು ಜನರನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ನೋಡಿಕೊಳ್ಳುವಷ್ಟು ಹಣ ಯಾವ ಸರ್ಕಾರದ ಬಳಿಯೂ ಇರಲಾರದು.

ಇನ್ನು ವ್ಯವಸ್ಥೆ ಸುಧಾರಿಸಿದೆಯೇ ಎಂಬ ಪ್ರಶ್ನೆ. ಸುಧಾರಿಸಿದೆ, ಖಂಡಿತವಾಗಿ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು ಮೂವತ್ತೆರಡು ವರ್ಷದ ಆಸುಪಾಸಿನಲ್ಲಿತ್ತು. 2016–20ರ ಅಂದಾಜಿನಲ್ಲಿ ಅದು 70 ಮುಟ್ಟಿತು. 1971ರಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು, 2020ರಲ್ಲಿ ಆ ಸಂಖ್ಯೆ 28ಕ್ಕೆ ಬಂದಿತ್ತು, ಕರ್ನಾಟಕದಲ್ಲಿ 19ಕ್ಕೆ. ಹೆರಿಗೆಯ ಸಂಬಂಧವಾಗಿ ಸಾಯುವ ತಾಯಂದಿರ ಸಂಖ್ಯೆ ಒಂದು ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 301 ಇದ್ದದ್ದು 2018–20ರಲ್ಲಿ 97ಕ್ಕೆ ಇಳಿಯಿತು. ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಈ ಬದಲಾವಣೆಯ ಬಹುಭಾಗ ಯಾರಿಂದ ಆಯಿತು ಎಂದು ಕೇಳಿಕೊಳ್ಳಬೇಕು. ಲಸಿಕೆಯ ಪೆಟ್ಟಿಗೆ ಹೊತ್ತುಕೊಂಡು ಹಟ್ಟಿ, ತಾಂಡಾ, ಕ್ಯಾಂಪುಗಳಿಗೆ ನಡೆದುಹೋದ ಎಎನ್‌ಎಂ (ಸಹಾಯಕ ದಾದಿ) ಸಿಸ್ಟರ್‌ಗಳು, ಗರ್ಭಿಣಿಯ ಹೆಸರನ್ನು ಮೂರನೆಯ ತಿಂಗಳಲ್ಲೇ ಬರೆಸಿ, ತಾಯಿ ಕಾರ್ಡ್ ಮಾಡಿಸಿ, ನೋವು ಬಂದಾಗ 108ಕ್ಕೆ ಫೋನ್ ಮಾಡಿ ಜೊತೆಗೇ ಹೋಗುವ ಆಶಾ ಕಾರ್ಯಕರ್ತೆಯರು ಇದರಲ್ಲಿ ಮೊದಲಿಗರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಇರಬೇಕೆಂದು ಗೊತ್ತುಪಡಿಸಿದ್ದರ ಫಲ ಇದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಜಾಗತಿಕ ಗೌರವ ನೀಡಿತು. ಅಷ್ಟಾದರೂ ಅವರಿಗೆ ಇಂದಿಗೂ ಸಂಬಳವೆಂಬುದಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನವಷ್ಟೆ. ಅದಕ್ಕಾಗಿ ಅವರು ಮತ್ತೆ ಮತ್ತೆ ಬೀದಿಗೆ ಇಳಿಯಬೇಕಾಗುತ್ತಿದೆ.

ನೀವು ಮುಚ್ಚಬೇಕೆನ್ನುವ ಕೇಂದ್ರದಿಂದಲೇ ಈ ಕೆಲಸವೆಲ್ಲ ನಡೆದದ್ದು. ಹೆರಿಗೆ ಮತ್ತು ಲಸಿಕೆಯಲ್ಲಿ ಯಶಸ್ಸು ಕಂಡ ಅದೇ ಕೇಂದ್ರ ಶುಗರ್, ಬಿಪಿಯ ವಿಷಯದಲ್ಲಿ ಸೋಲುತ್ತಿರುವುದೇಕೆ ಎಂಬುದಕ್ಕೆ ಅದರ ಹುಟ್ಟಿನ ಕಡೆಗೆ ನೋಡಬೇಕಾಗುತ್ತದೆ.

ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ 1946ರಲ್ಲಿ ವರದಿ ಕೊಟ್ಟಾಗ, ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ತಕ್ಕ ಚಿಕಿತ್ಸೆ ತಪ್ಪಬಾರದು ಎಂಬುದನ್ನು ಮೂಲತತ್ತ್ವವಾಗಿ ಇಟ್ಟುಕೊಂಡಿತ್ತು. ರೋಗ ಬಾರದಂತೆ ತಡೆಯುವ ಕೆಲಸ ಮತ್ತು ಬಂದ ರೋಗಕ್ಕೆ ಚಿಕಿತ್ಸೆ ಕೊಡುವ ಕೆಲಸ ಎರಡೂ ಒಂದೇ ಸೂರಿನಡಿ ನಡೆಯಬೇಕು ಎಂದೂ ಅದು ಹೇಳಿತ್ತು. 1952ರಿಂದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಭಾಗವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಎಂಬುದು ಮುಂದೆ ರೂಢಿಗೆ ಬಂದ ಮಾನದಂಡ. ಮಲೇರಿಯಾ, ಕ್ಷಯ, ಕುಟುಂಬ ಯೋಜನೆ, ಲಸಿಕೆ, ಹೆರಿಗೆ, ಹೀಗೆ ಒಂದೊಂದು ಕಾಲದಲ್ಲಿ ಒಂದೊಂದು ಕಾರ್ಯಕ್ರಮ ಮೇಲಿನಿಂದ ಬಂದು ಈ ಕೇಂದ್ರಗಳ ಹೆಗಲೇರಿತು. ಪ್ರತಿಯೊಂದಕ್ಕೂ ಗುರಿ, ರಿಜಿಸ್ಟರ್, ತಿಂಗಳ ವರದಿ. ಒಬ್ಬ ರೋಗಿಯನ್ನು ಹತ್ತು, ಇಪ್ಪತ್ತು ವರ್ಷ ಬಿಡದೆ ಹಿಂಬಾಲಿಸಿಕೊಂಡು ಹೋಗುವ ಅಭ್ಯಾಸ ಕೇಂದ್ರಗಳಿಗೆ ಬೆಳೆಯಲೇ ಇಲ್ಲ, ಬೆಳೆಸುವ ಪ್ರಯತ್ನವೂ ಸಾಕಷ್ಟು ಆಗಲಿಲ್ಲ. ಹೆರಿಗೆ ಒಂಬತ್ತು ತಿಂಗಳಲ್ಲಿ ಮುಗಿಯುತ್ತದೆ, ಶುಗರ್ ಮುಗಿಯುವುದಿಲ್ಲ.

ಮಧ್ಯಾಹ್ನದ ಮೇಲೆ ವೈದ್ಯರಿಲ್ಲ ಎಂಬ ನಿಮ್ಮ ದೂರು ಸರಿಯಾದದ್ದೇ. ಆದರೆ ಅದನ್ನು ಆ ಒಬ್ಬ ವೈದ್ಯರ ಸೋಮಾರಿತನವೆಂದು ತೀರ್ಮಾನಿಸುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರಬೇಕು. ಹೆಚ್ಚಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ (ಪಿಎಚ್‌ಸಿ) ಎಂಬಿಬಿಎಸ್ ವೈದ್ಯರ ಹುದ್ದೆ ಇರುವುದು ಒಂದೇ. ತಾಲ್ಲೂಕು ಆರೋಗ್ಯಾಧಿಕಾರಿಯ ಸಭೆ, ತರಬೇತಿ, ಶಾಲಾ ಮಕ್ಕಳ ತಪಾಸಣೆ, ಶಿಬಿರ, ಜಾತ್ರೆಯ ಡ್ಯೂಟಿ, ಸಂಜೆಯೊಳಗೆ ಆನ್‌ಲೈನಿನಲ್ಲಿ ತುಂಬಬೇಕಾದ ಅಂಕಿಅಂಶ ಎಲ್ಲವೂ ಆ ಒಬ್ಬರ ಮೇಲೆಯೇ ಬೀಳುತ್ತವೆ. ರಜೆ ಹಾಕಿದರೆ ಬದಲಿಯಿಲ್ಲ. ವಸತಿಗೃಹ ಸೋರುತ್ತಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಅವರು ದಾವಣಗೆರೆಯಿಂದಲೋ ಚಿತ್ರದುರ್ಗದಿಂದಲೋ ಓಡಾಡುತ್ತಾರೆ. ವೈದ್ಯ ಪದವಿ ಮುಗಿಸಿದವರು ಕಡ್ಡಾಯವಾಗಿ ಸರ್ಕಾರಿ ಸೇವೆ ಮಾಡಬೇಕೆಂದು ಕರ್ನಾಟಕ 2012ರಲ್ಲಿ ಕಾನೂನು ಮಾಡಿತು. ಅದರಿಂದ ಬರುವ ಯುವ ವೈದ್ಯರು ಊರಿನ ಜನರ ಪರಿಚಯ ಆಗುವಷ್ಟರಲ್ಲಿ ಸ್ನಾತಕೋತ್ತರ ಓದಿಗೆ ಹೊರಟುಬಿಡುತ್ತಾರೆ, ಹೋಗುವುದು ಸಹಜವೂ ಹೌದು. ಇಷ್ಟು ಹೇಳಿದ ಮೇಲೂ, ಕೆಲಸದ ವೇಳೆಯಲ್ಲಿ ಖಾಸಗಿ ಕ್ಲಿನಿಕ್ಕಿನಲ್ಲಿ ಕುಳಿತುಕೊಳ್ಳುವವರನ್ನು ನಾನು ಸಮರ್ಥಿಸಲಾರೆ. ಅಂಥವರು ಇದ್ದಾರೆ, ಅವರ ಮೇಲೆ ಕ್ರಮ ಆಗಬೇಕು.

ಇದರ ಮೇಲಿನ ಮೆಟ್ಟಿಲಿನ ಸ್ಥಿತಿ ಇನ್ನೂ ಕಳವಳಕಾರಿ. ಶಸ್ತ್ರಚಿಕಿತ್ಸಕರು, ಫಿಜಿಷಿಯನ್, ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು ಇರಬೇಕಾದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ, ಇರಬೇಕಾದ ತಜ್ಞರ ಪೈಕಿ ಸುಮಾರು ಶೇ 80ರಷ್ಟು ಕೊರತೆ ಇದೆ ಎಂದು ಕೇಂದ್ರ ಆರೋಗ್ಯ ಸಚಿವಾಲಯದ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶವೇ ಒಪ್ಪಿಕೊಂಡಿತ್ತು. ಹಾಗಾಗಿ ಹಳ್ಳಿಯಿಂದ ರೆಫರ್ ಆದವರು ನಡುವೆ ಎಲ್ಲೂ ನಿಲ್ಲದೆ ನೇರವಾಗಿ ಜಿಲ್ಲಾ ಕೇಂದ್ರಕ್ಕೆ ಬರುತ್ತಾರೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ನಮ್ಮ ಜಿಲ್ಲೆಯವರಲ್ಲದೆ ಹರಪನಹಳ್ಳಿ, ರಾಣೆಬೆನ್ನೂರು, ಹೊಳಲ್ಕೆರೆ ಕಡೆಯವರೂ ಬರುತ್ತಾರೆ. ಅಲ್ಲಿನ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಮಂದಿ ತಮ್ಮ ಊರಿನಲ್ಲೇ ಮುಗಿಯಬೇಕಾದ ಕೆಲಸಕ್ಕೆ ಬಂದವರು. 1965ರಲ್ಲೇ ವೈದ್ಯಕೀಯ ಕಾಲೇಜು ಕಂಡ ಊರಿದು. ಇಂದು ದಾವಣಗೆರೆಯಲ್ಲಿ ತಜ್ಞರಿಗೆ ಬರವಿಲ್ಲ, ಐವತ್ತು ಕಿಲೋಮೀಟರ್ ಆಚೆ ಜಗಳೂರಿನ ಕಡೆ ಇದೆ. ದೇಶದಲ್ಲಿ 2014ರ ಸುಮಾರಿಗೆ 387 ಇದ್ದ ವೈದ್ಯಕೀಯ ಕಾಲೇಜುಗಳು ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿವೆ, ಚಿತ್ರದುರ್ಗಕ್ಕೂ ಸರ್ಕಾರಿ ಕಾಲೇಜು ಬಂದಿದೆ. ಕಾಲೇಜು ಹೆಚ್ಚಾದ ಮಾತ್ರಕ್ಕೆ ವೈದ್ಯರು ಹಳ್ಳಿಗೆ ಹರಿದುಬರುವುದಿಲ್ಲ ಎಂಬುದಕ್ಕೆ ನಮ್ಮ ಎರಡು ಜಿಲ್ಲೆಗಳ ಅನುಭವವೇ ಸಾಕು.

ಹಣದ ಮಾತು. 2017ರ ರಾಷ್ಟ್ರೀಯ ಆರೋಗ್ಯ ನೀತಿ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸೇರಿ ಮಾಡುವ ಆರೋಗ್ಯ ವೆಚ್ಚ 2025ರೊಳಗೆ ದೇಶದ ಆಂತರಿಕ ಉತ್ಪನ್ನದ ಶೇ 2.5 ಆಗಬೇಕು, ಅದರಲ್ಲಿ ಮೂರನೇ ಎರಡು ಭಾಗದಷ್ಟಾದರೂ ಪ್ರಾಥಮಿಕ ಹಂತಕ್ಕೆ ಹೋಗಬೇಕು ಎಂದಿತ್ತು. 2021–22ರಲ್ಲಿ, ಕೋವಿಡ್ ಖರ್ಚೂ ಸೇರಿದ್ದ ಆ ವರ್ಷದಲ್ಲಿ, ಅದು ಶೇ 1.84 ಇತ್ತು. ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ವೆಚ್ಚವನ್ನು ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಆದ್ದರಿಂದ ಹೊಣೆ ಬೆಂಗಳೂರಿನದೂ ಹೌದು, ದೆಹಲಿಯದೂ ಹೌದು, ಮತ್ತು ಇಬ್ಬರೂ ಒಬ್ಬರತ್ತ ಒಬ್ಬರು ಕೈ ತೋರಿಸಲು ಅವಕಾಶವೂ ಇದೆ.

ಮಾತ್ರೆ ಒಮ್ಮೆ ಇದ್ದು ಒಮ್ಮೆ ಇಲ್ಲದಿರುವ ವಿಷಯಕ್ಕೆ ಬಂದರೆ, ಇದು ಪರಿಹಾರ ಗೊತ್ತಿರುವ ಸಮಸ್ಯೆ. ತಮಿಳುನಾಡು 1995ರಿಂದಲೇ ಪ್ರತ್ಯೇಕ ನಿಗಮದ ಮೂಲಕ ಔಷಧಿ ಖರೀದಿಸಿ, ಜಿಲ್ಲಾ ಉಗ್ರಾಣಗಳಲ್ಲಿ ದಾಸ್ತಾನಿಟ್ಟು, ಗುಣಮಟ್ಟ ಪರೀಕ್ಷಿಸಿ, ಪ್ರತಿ ಆಸ್ಪತ್ರೆಗೂ ಬ್ಯಾಂಕಿನಂತೆ ಪಾಸ್‌ಬುಕ್ ಕೊಟ್ಟು ಅದರ ಬಳಕೆಗೆ ತಕ್ಕಂತೆ ಪಡೆಯುವ ಕ್ರಮವನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಬೇರೆ ನಿರ್ದೇಶನಾಲಯವಿದೆ, 1939ರ ಕಾಯ್ದೆಯ ಬಲವೂ ಇದೆ. ತಾಯಂದಿರ ಮರಣ ಪ್ರಮಾಣ 2018–20ರಲ್ಲಿ ಅಲ್ಲಿ 54, ಕೇರಳದಲ್ಲಿ 19, ಕರ್ನಾಟಕದಲ್ಲಿ 69 ಇತ್ತು. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ನಮ್ಮಲ್ಲೂ ಔಷಧಿ ಖರೀದಿಗೆ ನಿಗಮವಿದೆ. ಆದರೆ ಟೆಂಡರ್ ತಡವಾದರೆ, ಇಂಡೆಂಟ್ (ಬೇಕಾದ ಔಷಧಿಗಳ ಬೇಡಿಕೆ ಪಟ್ಟಿ) ಕಳಿಸುವಾಗ ರೋಗಿಗಳ ಸಂಖ್ಯೆಯನ್ನು ಕಡಿಮೆ ತೋರಿಸಿದರೆ, ನಿಮ್ಮ ತಂದೆಯವರ ಮಾತ್ರೆ ನಿಲ್ಲುತ್ತದೆ. ಗುಣಮಟ್ಟದ ಪರೀಕ್ಷೆ ಸಡಿಲವಾದರೆ ಏನಾಗಬಹುದು ಎಂಬ ಪ್ರಶ್ನೆಯನ್ನು 2024ರ ನವೆಂಬರ್‌ನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಸಂಭವಿಸಿದ ಬಾಣಂತಿಯರ ಸಾವುಗಳು ಇಡೀ ರಾಜ್ಯದ ಮುಂದೆ ಇಟ್ಟವು.

ಸಾರ್ವಜನಿಕ ಆರೋಗ್ಯವೆಂದರೆ ಆಸ್ಪತ್ರೆಯಷ್ಟೇ ಎಂಬ ಭಾವನೆ ನಿಮ್ಮ ಪ್ರಶ್ನೆಯಲ್ಲಿ ಸ್ವಲ್ಪ ಇಣುಕುತ್ತದೆ, ಅದಕ್ಕಾಗಿ ನೀರಿನ ಬಗ್ಗೆಯೂ ಹೇಳದೆ ಇರಲಾರೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ವಾಂತಿಭೇದಿಯಿಂದ ಎಷ್ಟೋ ಮಂದಿ ಆಸ್ಪತ್ರೆ ಸೇರಿದರು. ಜಿಲ್ಲಾ ಕೇಂದ್ರದೊಳಗೇ ನಡೆದದ್ದು ಇದು. ಅವರಲ್ಲಿ ಪ್ರತಿಯೊಬ್ಬರ ಕೈಯಲ್ಲಿ 5 ಲಕ್ಷದ ಕಾರ್ಡ್ ಇದ್ದಿದ್ದರೂ ಆ ಸಾವುಗಳನ್ನು ಮೊದಲೇ ತಡೆಯುತ್ತಿದ್ದದ್ದು ನಲ್ಲಿ ನೀರಿನ ಪರೀಕ್ಷೆಯೇ. ಮೊಳಕಾಲ್ಮುರು, ಚಳ್ಳಕೆರೆ, ಜಗಳೂರು, ಪಾವಗಡದ ಕಡೆ ಆಳದ ಕೊಳವೆಬಾವಿಗಳಲ್ಲಿ ಬರುವ ಫ್ಲೋರೈಡ್ ಇನ್ನೊಂದು ಉದಾಹರಣೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಮೊಣಕಾಲು ಬಿಗಿದು ಬಾಗುತ್ತದೆ. ಒಮ್ಮೆ ಮೂಳೆಗೆ ಸೇರಿದ ಈ ತೊಂದರೆಯನ್ನು ಹಿಂದಕ್ಕೆ ತಿರುಗಿಸುವ ಚಿಕಿತ್ಸೆ ಇಲ್ಲ. ನಮ್ಮ ಭಾಗದ ಜನರ ಆರೋಗ್ಯಕ್ಕೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ಮತ್ತು ಕೆಲಸ ಮಾಡುವ ಶುದ್ಧೀಕರಣ ಘಟಕಗಳು ಒಂದು ಹೊಸ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಿಂತ ಹೆಚ್ಚು ಮಾಡಬಲ್ಲವು ಎಂಬುದು ನನ್ನ ಖಚಿತ ಅಭಿಪ್ರಾಯ.

ಖಾಸಗಿ ಆಸ್ಪತ್ರೆಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಅವಿಲ್ಲದೆ ದೇಶ ಇಂದು ನಡೆಯುವುದಿಲ್ಲ. ಆದರೆ 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಹೆರಿಗೆ ಬಿಟ್ಟು ಉಳಿದ ಒಂದು ಅಡ್ಮಿಷನ್ನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗೆ ಬಿದ್ದ ಸರಾಸರಿ ವೈದ್ಯಕೀಯ ಖರ್ಚು 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ. ಹತ್ತಿರದಲ್ಲಿ ಸರ್ಕಾರಿ ಆಸ್ಪತ್ರೆ ಎಂಬುದೇ ಇಲ್ಲದಿದ್ದರೆ ಈ ಎರಡನೆಯ ದರ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು ಎಂದು ಯೋಚಿಸಿ.

ಈಗ ನಿಮ್ಮ ತಂದೆಯವರ ವಿಷಯ. ನಿಮ್ಮ ಹತ್ತಿರದ ಉಪಕೇಂದ್ರ ಈಗ ಆಯುಷ್ಮಾನ್ ಆರೋಗ್ಯ ಮಂದಿರವಾಗಿದ್ದರೆ ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರಬೇಕು. ಅವರು ನರ್ಸಿಂಗ್ ಓದಿದವರು, ಬಿಪಿ ಮತ್ತು ಶುಗರ್ ನೋಡಿ, ಪಿಎಚ್‌ಸಿ ವೈದ್ಯರು ಬರೆದ ಮಾತ್ರೆಯನ್ನು ಮುಂದುವರಿಸಿ ಕೊಡಬಲ್ಲವರು. 2017ರ ಕೊನೆಯಲ್ಲಿ ಪಂಜಾಬ್, ಕೇರಳ, ಮಹಾರಾಷ್ಟ್ರ ಮುಂತಾದ ರಾಜ್ಯಗಳ ಕೆಲವು ಜಿಲ್ಲೆಗಳಲ್ಲಿ ಆರಂಭವಾದ ಬಿಪಿ ನಿಯಂತ್ರಣ ಕಾರ್ಯಕ್ರಮದಲ್ಲಿ, ಎಲ್ಲರಿಗೂ ಒಂದೇ ಸರಳ ಚಿಕಿತ್ಸಾ ಕ್ರಮ, ಒಂದು ತಿಂಗಳ ಮಾತ್ರೆ ಒಟ್ಟಿಗೆ, ಬಾರದವರಿಗೆ ಫೋನ್, ಇಷ್ಟನ್ನೇ ಪಟ್ಟುಹಿಡಿದು ಮಾಡಿ ಒಳ್ಳೆಯ ಫಲ ಪಡೆದರು. ಆದ್ದರಿಂದ ಶುಗರ್, ಬಿಪಿಯಂಥ ಅಸಾಂಕ್ರಾಮಿಕ ರೋಗಗಳ ಪಟ್ಟಿಯಲ್ಲಿ ತಂದೆಯವರ ಹೆಸರು ಬರೆಸಿ, ಮೂವತ್ತು ದಿನದ ಮಾತ್ರೆ ಕೇಳಿ. ಹೆಸರು ಪಟ್ಟಿಯಲ್ಲಿದ್ದರೆ ಮಾತ್ರ ಮುಂದಿನ ಇಂಡೆಂಟಿನಲ್ಲಿ ಅವರ ಮಾತ್ರೆಯ ಲೆಕ್ಕ ಬರುತ್ತದೆ. ನಿಮ್ಮಂಥವರು ಬೇಸತ್ತು ದಾವಣಗೆರೆಗೆ ಹೋದಷ್ಟೂ ಕೇಂದ್ರದ ಲೆಕ್ಕದಲ್ಲಿ ರೋಗಿಗಳೇ ಇಲ್ಲವಾಗುತ್ತಾರೆ. ಅಲ್ಲಿ ಸಿಗದಿದ್ದಾಗ ಜಗಳೂರಿನ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕಿಗೆ ಹೋಗಿ. ಅದೂ ಆಗದಿದ್ದರೆ ವೈದ್ಯರಿಂದ ಜನರಿಕ್ (ಕಂಪನಿಯ ಹೆಸರಲ್ಲದೆ ಔಷಧಿಯ ಮೂಲ) ಹೆಸರಿನಲ್ಲೇ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೊಳ್ಳಿ. ಕಣ್ಣಿನ ಹಿಂಭಾಗ, ಕಿಡ್ನಿ, ಪಾದ ಇವುಗಳ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಿಸಿದರೆ ಸಾಕು.

ಮಾತ್ರೆ ಮುಗಿದಿದೆ ಎಂದಾಗ ಸುಮ್ಮನೆ ಹಿಂದಿರುಗದೆ ಕೇಂದ್ರದ ಆಗುಹೋಗು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಗೆ ಬರವಣಿಗೆಯಲ್ಲಿ ಕೊಡಿ. ತುರ್ತು ಕೊರತೆಯನ್ನು ಸ್ಥಳೀಯವಾಗಿ ನೀಗಿಸಲು ಅದರ ಬಳಿ ಸ್ವಲ್ಪ ಅನುದಾನ ಇರುತ್ತದೆ. ಗ್ರಾಮಸಭೆಯಲ್ಲಿಯೂ ಎತ್ತಿ. ಮುಂದೆ ಅಡ್ಮಿಷನ್ ಬೇಕಾಗಿ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ಬಳಸಬೇಕಾದರೆ, ತುರ್ತು ಸ್ಥಿತಿ ಅಲ್ಲದ ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ.

ಖಾಸಗಿ ವೈದ್ಯರಿಂದ ಸರ್ಕಾರಿ ಕೇಂದ್ರಕ್ಕೆ ಬದಲಾಯಿಸಿಕೊಳ್ಳುವಾಗ ಇಲ್ಲಿಯವರೆಗಿನ ಚೀಟಿ, ಲ್ಯಾಬ್ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗೆ ಸಮನಾದದ್ದು ಅಲ್ಲಿ ಯಾವುದಿದೆ ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಹೊಸ ಮಾತ್ರೆ ಕೈಗೆ ಬರುವವರೆಗೆ ಹಳೆಯದನ್ನು ಒಂದು ದಿನವೂ ನಿಲ್ಲಿಸಬೇಡಿ, ಬದಲಾಯಿಸಿದ ಎರಡು ವಾರದೊಳಗೆ ಬಿಪಿ ಮತ್ತು ಶುಗರ್ ಎರಡನ್ನೂ ಮತ್ತೊಮ್ಮೆ ತೋರಿಸಿ.